ಬಾಲಾದೇವಿಯವರ ಕಾಲ್ಚೆಂಡಾಟದ ಜೀವನ
(ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಮಹಾಪುರುಷರ ಚರಿತ್ರೆಯನ್ನು ಹೇಳುವುದು ನಮ್ಮಲ್ಲಿ ವಾಡಿಕೆ. ಇಂದು ಆ ವಾಡಿಕೆಯನ್ನು ತುಸು ಸಡಿಲಿಸಿ, ಕಾಲ್ಚೆಂಡಾಟದಿಂದ ದೇಶಕ್ಕೆ ಕೀರ್ತಿಯನ್ನು ತಂದ ಒಬ್ಬ ಹೆಣ್ಣುಮಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಬಯಸುತ್ತೇವೆ. ಕನ್ನಡ ನಾಡಿನ ಚಿತ್ರಾ ಗಂಗಾಧರನ್ ಅವರೂ ಭಾರತದ ಪರವಾಗಿ ಈ ಆಟವನ್ನಾಡಿದವರೇ. ಆದರೆ ಇಂದು ನಾವು ಆರಿಸಿಕೊಂಡಿರುವುದು ದೂರದ ಮಣಿಪುರದ ನಾಂಗೊಮ್ ಬಾಲಾದೇವಿಯವರನ್ನು. ಅವರ ಜೀವನದಲ್ಲಿ ನಮ್ಮ ಆದವಾನಿಯ ತಾಯಿತಂದೆಗಳು ಕೇಳಲೇಬೇಕಾದ ಒಂದು ಸಂಗತಿಯಿದೆ.

ಮೊದಲು ಆಟದ ವಿಷಯ. ಹನ್ನೊಂದು ಮಂದಿಯ ತಂಡದಲ್ಲಿ ಎದುರಾಳಿಯ ಗೋಲಿಗೆ ಸಮೀಪವಾಗಿ ಆಡುವವಳನ್ನು ಮುನ್ಪಡೆಯ ಆಟಗಾರ್ತಿ ಎನ್ನುತ್ತಾರೆ. ಗೋಲಿನ ಅಗಲ ೭.೩೨ ಮೀಟರು, ಎತ್ತರ ೨.೪೪ ಮೀಟರು. ಅದರೊಳಕ್ಕೆ ಚೆಂಡನ್ನು ಸೇರಿಸುವುದು ಅವಳ ಮುಖ್ಯ ಕರ್ತವ್ಯ. ಓಡುವುದೊಂದೇ ಅವಳ ಕೆಲಸವೆಂದು ನೋಡುವವರಿಗೆ ತೋರಬಹುದು. ವಾಸ್ತವವಾಗಿ ಅವಳ ಕೆಲಸದಲ್ಲಿ ಕಾಯುವುದೇ ಹೆಚ್ಚು. ಗೆಳತಿಯು ಚೆಂಡನ್ನು ಒದೆಯುವ ಮೊದಲೇ ಎದುರಾಳಿಯ ರಕ್ಷಕರನ್ನು ದಾಟಿ ನಿಂತರೆ, ‘ಆಫ್‌ಸೈಡ್’ ಎಂದು ತೀರ್ಪುಗಾರನು ಸೀಟಿ ಊದುತ್ತಾನೆ. ಹೊರಡಲು ತಡಮಾಡಿದರೆ ಚೆಂಡು ಪರರ ಪಾಲಾಗುತ್ತದೆ. ಕಾಯಬೇಕು, ಆದರೆ ಕಾಲ ಬಂದಾಗ ಅಣಿಯಾಗಿರಬೇಕು. ಬಾಲಾದೇವಿಯವರ ಜೀವನವೂ ಹೀಗೆಯೇ ನಡೆಯಿತು.

ಅವರು ಹುಟ್ಟಿದ್ದು ೧೯೯೦ನೆಯ ಇಸವಿ ಫೆಬ್ರವರಿ ೨ರಂದು, ಮಣಿಪುರದ ವಿಷ್ಣುಪುರ ಜಿಲ್ಲೆಯ ಇರೆಂಗ್ಬಮ್ ಎಂಬ ಊರಿನಲ್ಲಿ. ಬಾಲ್ಯದಲ್ಲಿ ಅವರು ಆಡಿದ್ದು ಊರ ಹುಡುಗರೊಡನೆ. ಹುಡುಗರೊಡನೆ ಆಡುವಳೆಂದು ಯಾರಾದರೂ ಅವರನ್ನು ಮನೆಯೊಳಗೆ ಕೂರಿಸಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಲಿಲ್ಲ. ೨೦೦೫ರಲ್ಲಿ, ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಅವರು ಭಾರತದ ತಂಡವನ್ನು ಸೇರಿದರು.

ಹದಿನೈದು ವರ್ಷ! ಈ ಸಂಖ್ಯೆಯನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ; ಇದರ ಮಾತಿಗೆ ಮತ್ತೆ ಬರುತ್ತೇವೆ.

ದೇಶದ ತಂಡವನ್ನು ಸೇರಿದೊಡನೆ ಸುಖದ ದಾರಿ ತೆರೆಯಿತೆಂದು ಮಕ್ಕಳು ತಿಳಿಯಬಾರದು. ಆಗ ನಮ್ಮ ದೇಶದಲ್ಲಿ ಮಹಿಳೆಯರ ಕಾಲ್ಚೆಂಡಿಗೆ ರಾಷ್ಟ್ರೀಯ ಲೀಗ್ ಪಂದ್ಯಾವಳಿಯೇ ಇರಲಿಲ್ಲ. ಅದು ಆರಂಭವಾದದ್ದು ೨೦೧೬–೧೭ರಲ್ಲಿ. ಬಾಲಾದೇವಿಯವರು ಮಣಿಪುರದ ಪೊಲೀಸ್ ಇಲಾಖೆಯಲ್ಲಿ ಉದ್ಯೋಗವನ್ನು ಹಿಡಿದು ಆಟವನ್ನು ಮುಂದುವರಿಸಿದರು. ೨೦೧೪ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆದ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ಪಿನಲ್ಲಿ ಭಾರತ ಗೆದ್ದಿತು. ಅಲ್ಲಿ ಅತ್ಯಧಿಕ ಗೋಲುಗಳನ್ನು ಹೊಡೆದವರು ಇವರೇ. ೨೦೧೪ ಮತ್ತು ೨೦೧೫ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಇವರನ್ನು ವರ್ಷದ ಶ್ರೇಷ್ಠ ಆಟಗಾರ್ತಿಯೆಂದು ಗೌರವಿಸಿತು. ೨೦೧೯ರ ರಾಷ್ಟ್ರೀಯ ಲೀಗಿನಲ್ಲಿ ಮಣಿಪುರ ಪೊಲೀಸ್ ತಂಡಕ್ಕಾಗಿ ೭ ಪಂದ್ಯಗಳಲ್ಲಿ ೨೬ ಗೋಲುಗಳನ್ನು ಹೊಡೆದರು. ಅದೇ ವರ್ಷ ಡಿಸೆಂಬರಿನಲ್ಲಿ ನೇಪಾಳದ ಪೋಖರಾ ನಗರದಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತಕ್ಕೆ ೨–೦ರ ಜಯವನ್ನು ತಂದುಕೊಟ್ಟ ಎರಡು ಗೋಲುಗಳೂ ಇವರವೇ.

ಈ ನಡುವೆ ನಮ್ಮ ನೆರೆಯ ಬೆಂಗಳೂರಿನಿಂದ ಒಂದು ಬಾಗಿಲು ತೆರೆಯಿತು. ಬೆಂಗಳೂರು ಎಫ್.ಸಿ. ಸಂಸ್ಥೆಯೂ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ರೇಂಜರ್ಸ್ ಸಂಸ್ಥೆಯೂ ೨೦೧೯ರಲ್ಲಿ ಪರಸ್ಪರ ಸಹಕಾರದ ಒಪ್ಪಂದವನ್ನು ಮಾಡಿಕೊಂಡವು. ಆ ಮೂಲಕ ಬಾಲಾದೇವಿಯವರು ಅಲ್ಲಿಗೆ ಹೋಗಿ ತಮ್ಮ ಆಟವನ್ನು ಪರೀಕ್ಷೆಗೊಡ್ಡಿದರು. ೨೦೨೦ನೆಯ ಇಸವಿ ಜನವರಿ ೨೯ರಂದು ರೇಂಜರ್ಸ್ ಅವರನ್ನು ಹದಿನೆಂಟು ತಿಂಗಳ ಅವಧಿಗೆ ನೇಮಿಸಿಕೊಂಡಿತು. ಹೊರದೇಶದಲ್ಲಿ ವೃತ್ತಿ ಆಟಗಾರ್ತಿಯಾಗಿ ನೇಮಕಗೊಂಡ ಮೊದಲ ಭಾರತೀಯ ಮಹಿಳೆ ಇವರು. ಅಂದಿಗೆ ಅವರಿಗೆ ಮೂವತ್ತು ತುಂಬಲು ನಾಲ್ಕೇ ದಿನಗಳು ಉಳಿದಿದ್ದವು. ಹದಿನೈದರಲ್ಲಿ ಆರಂಭ, ಮತ್ತೆ ಹದಿನೈದು ವರ್ಷಗಳ ದುಡಿಮೆ. ಆಮೇಲೆ ಈ ಕರೆ!

ಅಲ್ಲಿಯೂ ಕಾಯುವುದು ತಪ್ಪಲಿಲ್ಲ. ಸೇರಿದ ಕೆಲವೇ ವಾರಗಳಲ್ಲಿ ಕೊರೋನಾ ಮಹಾಮಾರಿಯಿಂದ ಆಟಗಳೆಲ್ಲ ನಿಂತುಹೋದವು. ೨೦೨೦ರ ಡಿಸೆಂಬರ್ ೬ರಂದು ಮದರ್‌ವೆಲ್ ತಂಡದ ಮೇಲೆ ರೇಂಜರ್ಸ್ ೯–೦ಯಿಂದ ಗೆದ್ದ ಪಂದ್ಯದಲ್ಲಿ ಅವರು ಅಲ್ಲಿಯ ತಮ್ಮ ಮೊದಲ ಗೋಲನ್ನು ಹೊಡೆದರು. ಮುಂದೆ ಮೊಣಕಾಲಿಗೆ ಪೆಟ್ಟಾಗಿ, ಸ್ವದೇಶದಲ್ಲೇ ನಡೆದ ೨೦೨೨ರ ಏಷ್ಯನ್ ಕಪ್ಪಿನಲ್ಲಿ ಆಡುವ ಅವಕಾಶ ಕೈತಪ್ಪಿತು. ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರೇನೋ. ಅವರು ಗುಣಹೊಂದಿ ಮರಳಿ ಬಂದರು. ೨೦೨೪ರ ಅಕ್ಟೋಬರಿನಲ್ಲಿ ಕಾಠ್ಮಂಡುವಿನಲ್ಲಿ, ಪಾಕಿಸ್ತಾನದ ವಿರುದ್ಧ, ದೇಶಕ್ಕಾಗಿ ತಮ್ಮ ೫೦ನೆಯ ಗೋಲನ್ನು ಹೊಡೆದರು. ಭಾರತದ ಮಹಿಳೆಯರಲ್ಲಿ ಆ ಸಂಖ್ಯೆಯನ್ನು ಮುಟ್ಟಿದವರಲ್ಲಿ ಇವರೇ ಮೊದಲಿಗರು. ಆಗ ಅವರ ವಯಸ್ಸು ಮೂವತ್ತನಾಲ್ಕು.

ಈಗ ಹದಿನೈದು ವರ್ಷದ ಮಾತಿಗೆ ಬರೋಣ. ಬಾಲಾದೇವಿಯವರು ದೇಶದ ತಂಡಕ್ಕೆ ಸೇರಿದ ವಯಸ್ಸಿನಲ್ಲಿ ನಮ್ಮ ಕಡೆಯ ಹುಡುಗಿಯರು ಎಲ್ಲಿರುತ್ತಾರೆ? ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ಎಷ್ಟೋ ಕುಟುಂಬಗಳು ಕೂಲಿಗಾಗಿ ಊರು ಬಿಡುತ್ತವೆ. ಅವುಗಳೊಡನೆ ಹುಡುಗಿಯೂ ಹೋಗುತ್ತಾಳೆ. ಕೈಗೂಸನ್ನು ನೋಡಿಕೊಳ್ಳಲು, ಇಲ್ಲವೆ ತಾನೂ ಹತ್ತಿ ಬಿಡಿಸಲು. ಊರಿನಲ್ಲುಳಿದವಳಿಗೆ ಹನ್ನೆರಡು ತುಂಬಿದೊಡನೆ ‘ಇನ್ನು ಆಟ ಸಾಕು’ ಎನ್ನುತ್ತೇವೆ. ಹದಿನೈದಕ್ಕೆ ಮದುವೆಯ ಮಾತೆತ್ತುವ ಮನೆಗಳೂ ಉಂಟು. ಬಡತನದ ಕಷ್ಟವನ್ನು ನಾವು ಅರಿಯೆವೆಂದಲ್ಲ. ಹೊಟ್ಟೆಗಾಗಿ ಊರು ಬಿಡುವವರನ್ನು ನಿಂದಿಸುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ‘ಆಟ ಸಾಕು’ ಎಂಬ ಮಾತಿಗೆ ಬಡತನ ಕಾರಣವಲ್ಲ. ಅದು ನಾವು ತಂದುಕೊಂಡ ರೂಢಿ.

ಈ ತಪ್ಪಿನಲ್ಲಿ ನಮ್ಮ ಸಂಘಕ್ಕೂ ಪಾಲುಂಟೆಂದು ಒಪ್ಪಿಕೊಳ್ಳುತ್ತೇವೆ. ನಮ್ಮ ಶಾಲೆಯ ಬಯಲಿನಲ್ಲಿ ಸಂಜೆ ಹುಡುಗರು ಚೆಂಡಾಡುತ್ತಿದ್ದರೆ, ಹುಡುಗಿಯರು ಪುಸ್ತಕದ ಚೀಲವನ್ನು ಎದೆಗೊತ್ತಿಕೊಂಡು ಗೋಡೆಯ ಬದಿಯಿಂದ ಮನೆಗೆ ಹೋಗುವುದನ್ನು ವರ್ಷಗಟ್ಟಲೆ ನೋಡಿದ್ದೇವೆ. ನೋಡಿ ಸುಮ್ಮನಿದ್ದೇವೆ. ಬಯಲು ಎಲ್ಲ ಮಕ್ಕಳದು ಎಂಬುದು ನಮಗೆ ಹೊಳೆಯದೆ ಹೋಯಿತು.

“ಚೆಂಡಾಟ ಅನ್ನ ಹಾಕುವುದೆ?” ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆಡಿದ ಹುಡುಗಿಯರೆಲ್ಲ ಬಾಲಾದೇವಿಯಾಗುವುದಿಲ್ಲ. ಅವರಿಗೂ ಅನ್ನವನ್ನಿತ್ತದ್ದು ಬಹುಕಾಲ ಪೊಲೀಸ್ ಉದ್ಯೋಗವೇ. ಆದುದರಿಂದ ಓದನ್ನು ಬಿಟ್ಟು ಆಡಿರೆಂದು ನಾವು ಹೇಳುವುದಿಲ್ಲ. ಆದರೆ ಸೋತ ಮರುದಿನವೂ ಬಯಲಿಗೆ ಬರುವುದು, ಗೆಳತಿ ಗೋಲು ಹೊಡೆದಾಗ ತಾನೇ ಹೊಡೆದಷ್ಟು ಹಿಗ್ಗುವುದು, ತನ್ನ ಸರದಿ ಬರುವವರೆಗೆ ಕಾಯುವುದು, ಇವನ್ನು ಕಲಿತ ಹುಡುಗಿ ಹದಿನೈದರಲ್ಲಿ ಶಾಲೆ ಬಿಡಲು ಸುಲಭವಾಗಿ ಒಪ್ಪುವಳೆ? ಆಟ ಅವಳನ್ನು ಶಾಲೆಯಲ್ಲಿ ಉಳಿಸಿದರೆ ಅದೇ ದೊಡ್ಡ ಗೆಲುವೆಂದು ನಮ್ಮ ಭಾವನೆ. ಮುಂದೆ ಹೋಗಬಲ್ಲವಳಿಗೆ ದಾರಿಯೂ ದೂರವಿಲ್ಲ. ನೆರೆಯ ಅನಂತಪುರದ ಕ್ರೀಡಾಗ್ರಾಮದಲ್ಲಿ ಹುಡುಗಿಯರಿಗೂ ಕಾಲ್ಚೆಂಡಿನ ತರಬೇತಿಯುಂಟು. ೨೦೨೫ರ ಜುಲೈನಲ್ಲಿ ನಮ್ಮ ದೇಶದ ಮಹಿಳೆಯರು ಥಾಯ್ಲೆಂಡನ್ನು ಅದರ ನೆಲದಲ್ಲೇ ೨–೧ರಿಂದ ಸೋಲಿಸಿ, ಅರ್ಹತಾ ಪಂದ್ಯಗಳ ಮೂಲಕ ಮೊತ್ತಮೊದಲ ಬಾರಿಗೆ ಏಷ್ಯನ್ ಕಪ್ಪಿಗೆ ಸ್ಥಾನ ಪಡೆದುದನ್ನೂ ಇಲ್ಲಿ ನೆನೆಯಬಹುದು.

ವಿದ್ಯಾರ್ಥಿನಿಯರೆ, ಮುಂದಿನ ಸೋಮವಾರದಿಂದ ವಾರಕ್ಕೆ ಮೂರು ಸಂಜೆ ಒಂದೊಂದು ಗಂಟೆ ಶಾಲೆಯ ಬಯಲು ನಿಮ್ಮದು. ಎರಡು ಚೆಂಡುಗಳನ್ನು ತರಿಸಿದ್ದೇವೆ. ಒಬ್ಬ ಅಧ್ಯಾಪಿಕೆಯರು ಜತೆಗಿರುತ್ತಾರೆ. ತಾಯಿತಂದೆಗಳೆ, ನಿಮ್ಮಿಂದ ನಾವು ಹಣವನ್ನು ಬೇಡುವುದಿಲ್ಲ. ಆ ಒಂದು ಗಂಟೆ ಮಗಳನ್ನು ಮನೆಗೆಲಸಕ್ಕೆ ಕರೆಯದಿರಿ. ಅಷ್ಟೇ ನಮ್ಮ ಬೇಡಿಕೆ. ಗೋಲು ಹೊಡೆಯುವ ಕಾಲ ಯಾವಾಗ ಬರುವುದೋ ಬಲ್ಲವರಾರು? ಬಂದಾಗ ಅವಳು ಬಯಲಿನಲ್ಲಿರಲಿ.