ತದಡಿಗೆ ಬಾರದ ಕಲ್ಲಿದ್ದಲು
(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನಾನು ಕುಮಟೆಯಲ್ಲಿ ಬಹಳ ವರ್ಷ ಮಾಸ್ತರಿಕೆ ಮಾಡಿದವನು. ಆ ತಾಲೂಕಿನ ತದಡಿಯಲ್ಲಿ, ಅಘನಾಶಿನಿ ಕಡಲು ಸೇರುವಲ್ಲಿ, 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯಿತ್ತು. ಮೀನುಗಾರರು, ಬೆಳಚು ಹೆಕ್ಕುವ ಹೆಣ್ಣುಮಕ್ಕಳು, ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವವರು ಬೇಡವೆಂದರು. ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. (ಗದಗ ಕಡೆಯವರು ಹಿಗ್ಗಬೇಕು, ನಿಮ್ಮ ಮಾಗಡಿ ಕೆರೆಯೂ ಅದೇ ಸಲ ಸೇರಿತು.)

ಗೆದ್ದೆವೆಂದು ನಾನೂ ನಂಬಿದ್ದೆ. ಆದರೆ ತದಡಿಗೆ ಬಾರದ ಕಲ್ಲಿದ್ದಲು ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಉರಿಯುತ್ತಿದೆ. "ನಮ್ಮದು ಶರಾವತಿ ನೀರಿನ ಕರೆಂಟು, ಮಾಸ್ತರೇ" ಎಂದರು ಹೊನ್ನಾವರದ ಗೆಳೆಯರೊಬ್ಬರು. ಗೇರುಸೊಪ್ಪೆಯಲ್ಲಿ ವಿದ್ಯುದಾಗಾರ ಇರುವುದು ನಿಜ. ಆದರೆ ತಂತಿಜಾಲ ಒಂದೇ ಅಲ್ಲವೇ? ಜಲಾಶಯ ಬತ್ತಿದ ಬೇಸಿಗೆಯಲ್ಲಿ ಹೊನ್ನಾವರದ ಫ್ಯಾನೂ ಕಲ್ಲಿದ್ದಲಿನಿಂದಲೇ ತಿರುಗುತ್ತದೆ.

ಹೊಗೆಗೆ ಜಿಲ್ಲೆಯ ಗಡಿಯಿಲ್ಲ. ಕೋಟ್ಯಂತರ ವರ್ಷ ನೆಲದೊಳಗಿದ್ದ ಇಂಗಾಲವನ್ನು ಅಗೆದು, ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಸುಟ್ಟೆವು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಇದ್ದ ಇಂಗಾಲದ ಡೈಆಕ್ಸೈಡು ಈಗ 420 ದಾಟಿದೆ. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ.

2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮಳೆಗೆ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಿನಡಿ ಸಿಕ್ಕಿ ತೀರಿಕೊಂಡರು. ಒಂದು ಮಳೆಗೆ ಒಂದೇ ಕಾರಣ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ಇಂಥ ಮಳೆಗೆ ಬೇಕಾದ ಕಾವನ್ನು ಗಾಳಿಗೆ ಕೂಡಿಸುತ್ತಿರುವವರು ನಾವೇ.

ಇನ್ನು ಕಡಲು. ಕಾದ ನೀರು ಹಿಗ್ಗುತ್ತದೆ, ಧ್ರುವದ ಹಿಮವೂ ಕರಗುತ್ತದೆ, ಮಟ್ಟ ಏರುತ್ತದೆ. ಕಗ್ಗ ಉಪ್ಪುನೀರು ತಾಳುವ ಗಟ್ಟಿ ಭತ್ತ, ಗೊಬ್ಬರವನ್ನೂ ಕೇಳದು. ಆದರೆ ಗಜನಿಯ ಒಡ್ಡು ಮೀರಿ ಕಡಲು ಬಂದು ದಿನಗಟ್ಟಲೆ ನಿಂತರೆ ಅದೂ ಕೊಳೆಯುತ್ತದೆ. ಸೊಂಟಮಟ್ಟ ನೀರಿನಲ್ಲಿ ನಿಂತು ಬೆಳಚು ಹೆಕ್ಕುವ ತಾಯಿಯ ಮನೆಯಲ್ಲಿ ಉರಿಯುವುದು ಎರಡು ಬಲ್ಬು. ನಮ್ಮ ಹೊಗೆಯ ಸಾಲ ತೀರಿಸುವವಳು ಅವಳು. ಕಾಯಕ, ದಾಸೋಹ ಎಂದು ದಿನವೂ ಹೇಳುವ ನಾವು ಇದಕ್ಕೆ ಏನು ಹೆಸರಿಡೋಣ?

ನಮ್ಮ ಜಾತ್ರೆಯಲ್ಲಿ ಬೆಳಗಿನವರೆಗೆ ಉರಿಯುವ ದೀಪಾಲಂಕಾರದ ಬಿಲ್ಲನ್ನು ಮುಂದಿನ ಗೋಷ್ಠಿಯಲ್ಲಿ ಎಲ್ಲರೆದುರು ಓದಬೇಕು, ದಾಸೋಹ ಮನೆಯ ಮಾಡಿಗೆ ಸೋಲಾರ್ ಹಾಕುವ ಖರ್ಚನ್ನು ಅದರ ಪಕ್ಕದಲ್ಲೇ ಬರೆಯಬೇಕು ಎಂದು ಪೂಜ್ಯರಲ್ಲಿ ಬಿನ್ನವಿಸಿಕೊಂಡೆ. ಒಪ್ಪಿದ್ದಾರೆ. ಬಿಲ್ಲು ತರುವ ಕೆಲಸ ನನ್ನ ಪಾಲಿಗೆ ಬಂದಿದೆ.