ಕುಷ್ಟಗಿಯಿಂದ ಬೆಂಗಳೂರಿಗೆ ವಿಮಾನ: ನಿಜಕ್ಕೂ ಎಷ್ಟು ಹೊತ್ತು?

ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ವಿಮಾನ ನಿಲ್ದಾಣದಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಎಷ್ಟು ದೂರ ಅಂತ ಮೊಬೈಲ್‌ನಲ್ಲಿ ಹುಡುಕಿದ್ರೆ, ಸುಮಾರು 250 ಕಿಲೋಮೀಟರ್ ಅಂತ ಬರುತ್ತೆ. ಹುಬ್ಬಳ್ಳಿಯಿಂದಾದ್ರೆ ಸುಮಾರು 370. ಕೊಪ್ಪಳ ಜಿಲ್ಲೆಯವರು ವಿಮಾನ ಹತ್ತೋಕೆ ಹೆಚ್ಚಾಗಿ ಹೋಗೋದು ಈ ಎರಡು ಕಡೆಗೇ. ಹಾಗಾದ್ರೆ ಮನೆ ಬಿಟ್ಟು ಬೆಂಗಳೂರು ಮುಟ್ಟೋಕೆ ಎಷ್ಟು ಹೊತ್ತು ಬೇಕು? ಬರ್ರಿ, ಲೆಕ್ಕ ಹಾಕೋಣ.

ಮೊದಲು ಆ 250 ಏನು ಅಂತ ನೋಡೋಣ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು, ಭೂಮಿ ಗುಂಡಗಿರೋದನ್ನೂ ಸೇರಿಸಿ ತೆಗೆದ ಅತಿ ಕಡಿಮೆ ದೂರ ಅದು. ವಿಮಾನ ಅಷ್ಟು ನೆಟ್ಟಗೆ ಹೋಗೋದಿಲ್ಲ. ಏರೋದು, ಇಳಿಯೋದು ಎರಡೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ರನ್‌ವೇ ಇರೋ ದಿಕ್ಕಿಗೆ ತಿರುಗಿಕೊಂಡು ಬರಬೇಕು. ಬೆಂಗಳೂರಲ್ಲಿ ದಟ್ಟಣೆ ಇದ್ರೆ ಮೇಲೇ ಸುತ್ತಬೇಕು.

ಇನ್ನು ವೇಗ. ರೆಕ್ಕೆಗೆ ಪಂಖ ಇರೋ ಎಟಿಆರ್-72 ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತೆ. ಆ ಲೆಕ್ಕಕ್ಕೆ ಅರ್ಧ ಗಂಟೆ ಸಾಕು. ಆದ್ರೆ ಪೂರ್ತಿ ಎತ್ತರಕ್ಕೆ ಏರಿದ ಮೇಲಷ್ಟೇ ಆ ವೇಗ. 250 ಕಿಲೋಮೀಟರ್‌ನಲ್ಲಿ ಬಹುಪಾಲು ಏರೋದು, ಇಳಿಯೋದರಲ್ಲೇ ಮುಗಿಯುತ್ತೆ. ಜೊತೆಗೆ, ಟಿಕೆಟ್ ಮೇಲಿನ ಸಮಯದಲ್ಲಿ ನೆಲದ ಮೇಲಿನ ಓಡಾಟವೂ ಸೇರಿರುತ್ತೆ. ಹಾಗಾಗಿ ಒಂದು ಗಂಟೆ ಅಂತಲೇ ಹಿಡಿಯಿರಿ.

ಈಗ ಕೊಪ್ಪಳ ಜಿಲ್ಲೆಯ ಕುಷ್ಟಗಿಯಿಂದ ಹೊರಡೋಣ. ಹೊಸಪೇಟೆ ದಾಟಿ ತೋರಣಗಲ್ಲಿಗೆ ನೂರು ಕಿಲೋಮೀಟರ್ ಆಸುಪಾಸು, ಎರಡು ಗಂಟೆ. ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ ಒಂದು ಗಂಟೆ. ಬ್ಯಾಗ್ ತಗೊಂಡು ಹೊರಗೆ ಬರೋಕೆ ಅರ್ಧ ಗಂಟೆ. ದೇವನಹಳ್ಳಿಯ ಆ ನಿಲ್ದಾಣದಿಂದ ಬೆಂಗಳೂರಿನ ಮೆಜೆಸ್ಟಿಕ್‌ಗೆ ಒಂದೂವರೆ ಗಂಟೆ. ಒಟ್ಟು ಆರೂವರೆ! ರಾತ್ರಿ ಬಸ್ಸಿನಲ್ಲಿ ಎಂಟೊಂಬತ್ತು ಗಂಟೆ, ಅದೂ ನಿದ್ದೆಯಲ್ಲಿ. ಉಳಿಯೋದು ಎರಡೇ ತಾಸು.

ಅದೇ ದೆಹಲಿಗೆ ಹೋಗೋರಿಗೆ ಲೆಕ್ಕ ಬೇರೆ. ಬೆಂಗಳೂರಿಂದ ದೆಹಲಿಗೆ ಸುಮಾರು 1,700 ಕಿಲೋಮೀಟರ್, ಮೂರು ಗಂಟೆಯೊಳಗೆ ಮುಟ್ಟಿಸ್ತಾರೆ. ದೂರ ಹೆಚ್ಚಿದಷ್ಟೂ ವಿಮಾನದ ಲಾಭ ಹೆಚ್ಚು. ಹತ್ತಿರದ ಹಾರಾಟಕ್ಕೆ ಮನೆಯಿಂದ ನಿಲ್ದಾಣಕ್ಕಿರೋ ದಾರಿಯೇ ಮುಖ್ಯ.

ಅದಕ್ಕೇ ಗಿಣಿಗೇರಾದ ವಿಚಾರ ಬರೋದು. ಕೊಪ್ಪಳದ ಮಗ್ಗುಲಲ್ಲೇ ಇರೋ ಈ ಊರಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ. ಸಣ್ಣ ಊರುಗಳಿಗೂ ವಿಮಾನ ತರೋ ಕೇಂದ್ರದ ಉಡಾನ್ ಯೋಜನೆಯ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಬಂದಿತ್ತು. ತೋರಣಗಲ್ಲಿನಿಂದ ಅದೇ ಉಡಾನ್ ಅಡಿಯಲ್ಲಿ 2017ರಲ್ಲೇ ವಿಮಾನ ಹಾರಿತು, ನಮ್ಮಲ್ಲಿ ಹಾರಲಿಲ್ಲ. ಗಿಣಿಗೇರಾದಿಂದ ವಿಮಾನ ಹಾರಿ, ಕೊಪ್ಪಳ, ಗಂಗಾವತಿ, ಯಲಬುರ್ಗಾದವರಿಗೆ ರಸ್ತೆಯ ಒಂದು ಗಂಟೆ ಉಳಿದ್ರೂ, ತುರ್ತಾಗಿ ದೊಡ್ಡಾಸ್ಪತ್ರೆಗೆ ಹೊರಟವರಿಗೆ ಅದು ಸಣ್ಣದಲ್ಲ. ನಮ್ಮ ಜನಪ್ರತಿನಿಧಿಗಳು ಮುಂದಿನ ಸಲ ವಿಮಾನದ ಮಾತು ತೆಗೆದಾಗ ಒಂದೇ ಪ್ರಶ್ನೆ ಕೇಳ್ರಿ: ನಮ್ಮ ಮನೆ ಬಾಗಿಲಿಂದ ಎಷ್ಟು ಹೊತ್ತು?