ಬಣ್ಣ ಹೋದ್ರೂ ಮಾತು ಉಳೀಬೇಕು

ಇವತ್ತಿನ ಮಾತು ಒಂದು ಫೋನ್ ಕಾಲ್‌ನಿಂದ ಶುರುವಾಗ್ತದ.

ನಾನು ಇರೋದು ವಿಜಯಪುರದಾಗ. ನಮ್ಮ ಕಾಕಾ ಇರೋದು ತಿಕೋಟಾದಾಗ, ಅವರದು ದ್ರಾಕ್ಷಿ ತೋಟ. ಅಕ್ಟೋಬರ್ ಚಾಟ್ನಿ ಆದ ಮೇಲೆ ಯಾವ ದಿನ ಯಾವ ಔಷಧ ಹೊಡೀಬೇಕು ಅನ್ನೋ ಪಟ್ಟಿಯನ್ನ ಪ್ರತಿ ವರ್ಷ ನಾನೇ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿ ಕೊಡ್ತೀನಿ. ಒಂದು ವರ್ಷ ಬಹಳ ಚಂದ ಮಾಡಿದ್ದೆ. ಕೊಯ್ಲು ಹತ್ತಿರ ಬಂದಾಗ ಹೊಡೀಬಾರದ ಔಷಧಗಳ ಸಾಲುಗಳಿಗೆಲ್ಲ ಕೆಂಪು ಹೈಲೈಟ್. ಆಮೇಲೆ ಅದನ್ನ ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ ಕಳಿಸಿಬಿಟ್ಟೆ.

ಕೆಲವು ವಾರ ಬಿಟ್ಟು ಕಾಕಾನ ಫೋನ್. "ತಮ್ಮಾ, ಕೆಂಪು ಇದ್ದದ್ದು ಹೊಡೀಬ್ಯಾಡ ಅಂದಿದ್ದಿ. ಇಲ್ಲಿ ಎಲ್ಲಾ ಕರೇನ ಅದಾವಲ್ಲೋ?"

ನನ್ನ ಎದೆ ಧಸಕ್ ಅಂತು. ಕೊಯ್ಲಿಗೆ ಸ್ವಲ್ಪೇ ದಿನ ಇತ್ತು. ಅವರು ಕೇಳದೇ ಹೊಡೆದಿದ್ದರೆ ಔಷಧದ ಅಂಶ ಹಣ್ಣಿನಲ್ಲೇ ಉಳೀತಿತ್ತು. ಆ ಹಣ್ಣು ಯಾರದೋ ಮನೆಯ ಮಕ್ಕಳ ಕೈಗೆ ಹೋಗ್ತಿತ್ತು. ತಪ್ಪು ಕಾಕಾಂದಲ್ಲ, ವಾಟ್ಸಾಪ್‌ದೂ ಅಲ್ಲ. ಪೂರಾ ನಂದೇ.

ಆಗಿದ್ದೇನು? ಅಕ್ಷರ ಬೇರೆ, ಅದರ ಮೇಲಿನ ಅಂಗಿ ಬೇರೆ. ವರ್ಡ್ ಪ್ರೊಸೆಸರ್‌ನಲ್ಲಿ ಬೋಲ್ಡ್, ಬಣ್ಣ, ಹೈಲೈಟ್ ಎಲ್ಲಾ ಅಂಗಿ. ಬರೀ ಅಕ್ಷರವನ್ನಷ್ಟೇ ತಗೊಳ್ಳೋ ಪೆಟ್ಟಿಗೆಗೆ ಪೇಸ್ಟ್ ಮಾಡಿದಾಗ ಅಂಗಿ ಹೊರಗೇ ಉಳೀತದ. ನಾನು 'ಬ್ಯಾಡ' ಅನ್ನೋ ಮಾತನ್ನ ಅಕ್ಷರದಲ್ಲಿ ಬರೆದೇ ಇರಲಿಲ್ಲ. ಅಂಗಿಯ ಬಣ್ಣದಾಗ ಇಟ್ಟಿದ್ದೆ.

ಕನ್ನಡಕ್ಕೆ ಈ ಪೆಟ್ಟು ಹೊಸದಲ್ಲ. ಬಬಲೇಶ್ವರದಾಗ ನನ್ನ ಗೆಳೆಯ ಒಬ್ಬ ಲಗ್ನಪತ್ರಿಕೆ ಡಿಟಿಪಿ ಮಾಡ್ತಾನ. ಅವನ ಹಳೇ ನುಡಿ ಫೈಲ್ ಒಂದನ್ನ ನೋಟ್‌ಪ್ಯಾಡ್‌ಗೆ ಹಾಕಿ ನೋಡ್ರಿ, ವಧು-ವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಾಕಂದ್ರೆ ಹಳೇ ಪದ್ಧತಿಯಲ್ಲಿ ಫೈಲ್ ಒಳಗೆ ಇರೋದು ಇಂಗ್ಲಿಷ್ ಸಂಕೇತ. ಅದನ್ನ ಕನ್ನಡವಾಗಿ ತೋರಿಸೋದು ಫಾಂಟ್ ಮಾತ್ರ. ಅಲ್ಲಿ ಕನ್ನಡಾನೇ ಒಂದು ಅಂಗಿ! ಯೂನಿಕೋಡ್ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆ ಕೊಟ್ಟಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಹಂಗಾಗಿ ಇವತ್ತು ಫಾಂಟ್ ಬದಲಾದರೂ 'ಅ' ಅನ್ನೋದು 'ಅ'ನೇ. ಅಕ್ಷರ ಉಳೀತು. ಆದರೆ ಹೈಲೈಟ್ ಉಳೀಲಿಲ್ಲ.

ಆ ಫೋನ್ ಆದ ಮೇಲೆ ನಾನೇ ಬ್ರೌಸರ್‌ನಲ್ಲಿ ಓಡೋ ಒಂದು ಸಣ್ಣ ಟೆಕ್ಸ್ಟ್ ಎಡಿಟರ್ ಮಾಡೋಕೆ ಕುಂತೆ. ಬೋಲ್ಡ್ ಬಟನ್, ಹೈಲೈಟ್ ಬಟನ್, ಅಷ್ಟೇ. ಒಂದು ರಾತ್ರಿ ಕೆಲಸ ಅನ್ಕೊಂಡಿದ್ದೆ. ಅಲ್ರೀ, ಸುಲಭ ಇರಲಿಲ್ಲ.

ಬ್ರೌಸರ್‌ನಲ್ಲಿ ಬರೆಯೋಕೆ ಸಿಗೋ ಸಾದಾ ಪೆಟ್ಟಿಗೆ ಟೆಕ್ಸ್ಟ್‌ಏರಿಯಾ. ಅದರೊಳಗೆ ಒಂದೇ ಪದವನ್ನ ಬಣ್ಣ ಮಾಡೋಕೆ ಬರೋದಿಲ್ಲ. ಒಂದು ಉಪಾಯ ಅದ: ಪೆಟ್ಟಿಗೆಯನ್ನ ಪಾರದರ್ಶಕ ಮಾಡಿ, ಹಿಂದೆ ಇನ್ನೊಂದು ಹಾಳೆ ಇಟ್ಟು, ಅದೇ ಪದದ ಕೆಳಗೆ ಹಳದಿ ಬಳಿಯೋದು. ಹೈಲೈಟ್‌ಗೆ ಇದು ನಡೀತದ. ಬೋಲ್ಡ್‌ಗೆ ನಡೆಯೋದಿಲ್ಲ. ದಪ್ಪ ಅಕ್ಷರ ಅಗಲ ಆಗ್ತದ, ಹಿಂದಿನ ಹಾಳೆ ಮುಂದಿನ ಪೆಟ್ಟಿಗೆಗೆ ಹೊಂದೋದಿಲ್ಲ, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ.

ಇದಕ್ಕಿಂತ ದೊಡ್ಡ ತೊಡಕು ಕನ್ನಡದ್ದು. 'ದ್ರಾಕ್ಷಿ' ಪದ ತಗೊಳ್ರಿ. ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್‌ಗೆ ಎಂಟು: ದ, ಹಲಂತ, ರ, ಆ ಮಾತ್ರೆ, ಕ, ಹಲಂತ, ಷ, ಇ ಮಾತ್ರೆ. ಎಡಿಟರ್ ಆರನೇದಕ್ಕೋ ಏಳನೇದಕ್ಕೋ ಹೈಲೈಟ್ ಶುರು ಮಾಡಿದರೆ 'ಕ್ಷಿ' ನಡುವೆ ಸೀಳಿಹೋಗಬಹುದು. ಒತ್ತಕ್ಷರ ಕಳಚಿ ಬೀಳ್ತದ. ಅದಕ್ಕೇ ನನ್ನ ಎಡಿಟರ್‌ನಲ್ಲಿ ಒಂದು ನಿಯಮ ಮಾಡಿದೆ. ಎಲ್ಲೇ ಬೆರಳಿಟ್ಟರೂ ಪೂರಾ ಪದ ಹೈಲೈಟ್ ಆಗ್ಬೇಕು, ಅರ್ಧ ಪದ ಇಲ್ಲ.

ಆದರೆ ಮುಖ್ಯ ಪ್ರಶ್ನೆ ಇನ್ನೂ ಹಂಗೇ ಇತ್ತು. ಕಾಪಿ ಮಾಡಿದಾಗ ಏನಾಗ್ತದ?

ಇಲ್ಲಿ ಎರಡು ದಾರಿ. ಒಂದು ವರ್ಡ್ ಪ್ರೊಸೆಸರ್ ದಾರಿ: ಫಾರ್ಮ್ಯಾಟಿಂಗ್ ಒಳಗೆ ಅಡಗಿರ್ತದ. ಇನ್ನೊಂದು, ಗುರುತನ್ನ ಅಕ್ಷರದ ನಡುವೆಯೇ ಬರೆಯೋದು. ವಾಟ್ಸಾಪ್‌ನಲ್ಲಿ ಪದದ ಎರಡೂ ಕಡೆ ನಕ್ಷತ್ರ ಹಾಕಿದರೆ ಬೋಲ್ಡ್ ಆಗ್ತದಲ್ಲ, ಅದೇ ಜಾತಿ. 2004ರಲ್ಲಿ ಬಂದ ಮಾರ್ಕ್‌ಡೌನ್ ಈ ದಾರಿಯನ್ನ ಜನಪ್ರಿಯ ಮಾಡಿತು. 1985ರ ಮೊದಲ ವಿಂಡೋಸ್‌ನಿಂದಲೂ ಬರೀ ಅಕ್ಷರವನ್ನೇ ನಂಬಿದ್ದ ನೋಟ್‌ಪ್ಯಾಡ್ ಕೂಡ 2025ರಲ್ಲಿ ಬೋಲ್ಡ್, ಇಟ್ಯಾಲಿಕ್, ಶೀರ್ಷಿಕೆ, ಪಟ್ಟಿ ಸೇರಿಸಿಕೊಂಡಾಗ ಆರಿಸಿಕೊಂಡದ್ದು ಮಾರ್ಕ್‌ಡೌನನ್ನೇ. ಬ್ಯಾಡಾದವರು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಈ ದಾರಿಯ ಗುಣ ಏನಂದ್ರೆ, ಅಂಗಿ ಹರಿದರೂ ನಕ್ಷತ್ರ ಉಳೀತದ. 'ಇಲ್ಲಿ ಏನೋ ಒತ್ತಿ ಹೇಳ್ಯಾರ' ಅಂತ ಓದುಗನಿಗೆ ತಿಳೀತದ.

ನನಗೆ ಅದೂ ಸಾಲಲಿಲ್ಲ. ಕಾಕಾಗೆ ನಕ್ಷತ್ರ ಕಂಡರೆ ಹೊಡಿ ಅಂತೋ, ಬಿಡು ಅಂತೋ? ಅದಕ್ಕೇ ಈಗ ನನ್ನ ಎಡಿಟರ್‌ನಲ್ಲಿ ಹೈಲೈಟ್ ಬಟನ್ ಒತ್ತಿದರೆ ಅದು ಮೊದಲು 'ಯಾಕೆ?' ಅಂತ ಕೇಳ್ತದ. 'ಹೊಡೀಬ್ಯಾಡ' ಅಂತ ಬರೆದರೆ ಮಾತ್ರ ಬಣ್ಣ ಬೀಳ್ತದ. ಕಾಪಿ ಮಾಡಿದಾಗ ಬಣ್ಣ ಹೋಗ್ತದ, ಆದರೆ ಸಾಲಿನ ಮುಂದೆ 'ಹೊಡೀಬ್ಯಾಡ' ಅನ್ನೋ ಪದ ನಿಂತಿರ್ತದ. ಕಪ್ಪು-ಬಿಳುಪು ಝೆರಾಕ್ಸ್‌ನಲ್ಲೂ ಉಳೀತದ. ಬಣ್ಣ ಗುರುತಿಸೋಕೆ ಆಗದವರಿಗೂ ತಿಳೀತದ. ಓದಿ ಹೇಳೋ ಆ್ಯಪ್ ಬಳಸೋ ಅಂಧರಿಗೂ ಕೇಳಿಸ್ತದ.

ನಮ್ಮ ಊರಿನ ಫ. ಗು. ಹಳಕಟ್ಟಿಯವರು ಇಲ್ಲಿ ನೆನಪಾಗ್ತಾರ. ವಚನಗಳ ತಾಳೆಗರಿ ಹುಡುಕಿ ತಂದರು, 1925ರಲ್ಲಿ ವಿಜಯಪುರದಾಗ ಹಿತಚಿಂತಕ ಮುದ್ರಣಾಲಯ ಹಾಕಿದರು. ತಾಳೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡೋ ರೂಢಿ ಇರಲಿಲ್ಲ, ಬೋಲ್ಡ್ ಅಂತೂ ದೂರದ ಮಾತು. ಪದ ಬಿಡಿಸೋದು, ಸಾಲು ಒಡೆಯೋದು, ಚಿಹ್ನೆ ಹಾಕೋದು, ಇದೆಲ್ಲ ಅಚ್ಚು ಹಾಕೋವರ ಕೆಲಸ. ಅಂಗಿ ಇಲ್ಲದೇನೂ ವಚನ ಶತಮಾನಗಳನ್ನ ದಾಟಿ ಬಂತು. ಯಾಕಂದ್ರೆ ಹೇಳಬೇಕಾದ್ದು ಮಾತಿನಲ್ಲೇ ಇತ್ತು.

ಫಾರ್ಮ್ಯಾಟಿಂಗ್ ಬ್ಯಾಡ ಅಂತ ನಾನು ಹೇಳ್ತಿಲ್ಲ. ಉದ್ದ ಪಟ್ಟಿಯಲ್ಲಿ ಕಣ್ಣು ಎಲ್ಲಿ ನಿಲ್ಲಬೇಕು ಅಂತ ಅದು ತೋರಿಸ್ತದ. ಆದರೆ ಅದು ಕೈತೋರು ಅಷ್ಟೇ.

ಇವತ್ತೇ ಒಂದು ಪರೀಕ್ಷೆ ಮಾಡಿ ನೋಡ್ರಿ. ನಿಮ್ಮ ಫೋನಿನ ಮುಖ್ಯ ನೋಟ್ ಒಂದನ್ನ, ಔಷಧದ ಪಟ್ಟಿ ಇರಲಿ, ಪರೀಕ್ಷೆಯ ನೋಟ್ಸ್ ಇರಲಿ, ಕಾಪಿ ಮಾಡಿ ಸಾದಾ ಮೆಸೇಜಿಗೆ ಪೇಸ್ಟ್ ಮಾಡ್ರಿ. ಬಣ್ಣ ಹೋದ ಮೇಲೂ ಅರ್ಥ ಉಳಿದದ್ದಾದರೆ ಚಲೋ. ಇಲ್ಲಾಂದ್ರೆ ಒಂದು ಪದ ಸೇರಿಸ್ರಿ.

ಕಾಕಾ ಈಗ ಫೋನ್ ಮಾಡಿ ಬಣ್ಣದ ಬಗ್ಗೆ ಕೇಳೋದಿಲ್ಲ. "ಒಣದ್ರಾಕ್ಷಿ ತಗೊಂಡು ಹೋಗೋಕೆ ಯಾವಾಗ ಬರ್ತಿ?" ಅಂತ ಕೇಳ್ತಾರ. ಹೋಗಿ ಬರ್ತೀನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ್ರೀ.